ನಾಮಪಠನ: ಪೊಲೀಸ್ ಸಂಸ್ಮರಣಾ ದಿನದ ಪೂರ್ವೋತ್ತರ

ಪ್ರತಿ ವರ್ಷ ಅಕ್ಟೋಬರ್ 21ರ ಬೆಳಗಿನ ಹೊತ್ತಿಗೆ, ಕವಾಯತು ಮೈದಾನವೊಂದನ್ನು ಹೊಂದಿರುವ ಪೊಲೀಸ್ ಪಡೆ ಈ ದೇಶದಲ್ಲಿ ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಒಂದೇ ವಿಧಿಯು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಜರುಗುತ್ತದೆ. ಸ್ಮಾರಕಶಿಲೆಯ ಮುಂದೆ ತುಕಡಿಗಳು ಸಾಲುಗೂಡುತ್ತವೆ, ಬಂದೂಕುಗಳು ಬಾಯಿ ಕೆಳಗಾಗಿ ಶೋಕಶಸ್ತ್ರದ ಭಂಗಿಗೆ ತಿರುಗುತ್ತವೆ, ಪುಷ್ಪಚಕ್ರಗಳನ್ನಿರಿಸುವ ಕಾರ್ಯ ಪದವಿಯ ತಾರತಮ್ಯಕ್ಕನುಸಾರವಾಗಿ ನಡೆಯುತ್ತದೆ, ಆಕಾಶದತ್ತ ಮೂರು ಸುತ್ತು ಗುಂಡು ಹಾರುತ್ತದೆ, ಕಹಳೆ ಮೊಳಗುತ್ತದೆ. ಇವೆಲ್ಲವೂ ಸೈನಿಕ ಸಂಪ್ರದಾಯದಿಂದ ಬಂದ ಉಪಚಾರಗಳೇ ಹೊರತು ಪೊಲೀಸಿನವರದೇ ಎನ್ನಬಹುದಾದುದು ಇವುಗಳಲ್ಲಿ ವಿಶೇಷವಾಗಿ ಏನೂ ಇಲ್ಲ. ಆದರೆ ಇವುಗಳ ನಡುವೆ ಅಧಿಕಾರಿಯೊಬ್ಬರು ಮುಂದೆ ಬಂದು, ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರ ವರೆಗೆ ಕರ್ತವ್ಯದಲ್ಲಿದ್ದು ಪ್ರಾಣ ತೆತ್ತವರ ಹೆಸರುಗಳನ್ನು ಪ್ರಾಂತ ಪ್ರಾಂತಗಳ ಅನುಕ್ರಮದಲ್ಲಿ ಓದುವ ಭಾಗವೊಂದುಂಟು. ಪಟ್ಟಿ ದೀರ್ಘವಾದುದು, ದೂರದ ರಾಜ್ಯಗಳ ಹೆಸರುಗಳು ಓದುವವರ ನಾಲಗೆಗೆ ತೊಡಕಾಗುತ್ತವೆ, ಬಿಸಿಲು ಏರುತ್ತಿದ್ದಂತೆ ಕೇಳುವವರ ಲಕ್ಷ್ಯವೂ ಅಲ್ಲಲ್ಲಿ ಸಡಿಲುತ್ತದೆ. ಹಾಗಿದ್ದರೂ ಈ ವಿಧಿಯ ಪ್ರಾಣವು ಕಹಳೆಯಲ್ಲಿಯೂ ಇಲ್ಲ, ಕಲ್ಲಿನಲ್ಲಿಯೂ ಇಲ್ಲ, ಈ ನಾಮಪಠನದಲ್ಲಿಯೇ ಇದೆಯೆಂಬುದು ನನ್ನ ಅಭಿಪ್ರಾಯ. ಈ ದಿನಾಚರಣೆ ಹುಟ್ಟಿ ಬೆಳೆದ ಬಗೆಯನ್ನು ನೋಡಿದರೆ ಇದು ಅತಿಶಯೋಕ್ತಿಯೆಂದು ತೋರಲಾರದು.

ದಿನಾಂಕವು ಬಂದದ್ದು ಲಡಾಖಿನಿಂದ. 1959ನೆಯ ವರ್ಷವು ಭಾರತ ಚೀನಗಳ ಸಂಬಂಧಕ್ಕೆ ಗ್ರಹಣ ಹಿಡಿದ ವರ್ಷ. ಮಾರ್ಚಿಯಲ್ಲಿ ದಲೈ ಲಾಮಾ ಅವರು ಲಾಸಾ ನಗರವನ್ನು ತೊರೆದು ಭಾರತವನ್ನು ಶರಣುಹೊಕ್ಕರು. ಆಗಸ್ಟಿನಲ್ಲಿ ಪೂರ್ವ ಗಡಿಯ ಲಾಂಗ್‌ಜು ಎಂಬಲ್ಲಿ ಗುಂಡಿನ ಘರ್ಷಣೆ ನಡೆಯಿತು. ಅಕ್ಸಾಯ್ ಚಿನ್ ಮೂಲಕ ಚೀನೀಯರು ಹಾಕಿದ್ದ ರಸ್ತೆಯ ಸಂಗತಿ ಸಂಸತ್ತಿನಲ್ಲಿ ಪ್ರಕಟವಾಗಿ ದೇಶವೆಲ್ಲ ಕಳವಳಗೊಂಡಿತ್ತು. ಇಂದಿನ ಓದುಗರಿಗೆ ಆಶ್ಚರ್ಯವೆನಿಸಬಹುದಾದ ವಿಷಯವೆಂದರೆ, ಇಷ್ಟೆಲ್ಲ ಆಗುತ್ತಿದ್ದಾಗಲೂ ಲಡಾಖಿನ ಎತ್ತರದ ಗಡಿಯನ್ನು ಕಾಯುತ್ತಿದ್ದವರು ಸೈನಿಕರಲ್ಲ, ಪೊಲೀಸಿನವರು. ಕೇಂದ್ರ ಮೀಸಲು ಪೊಲೀಸ್ ಪಡೆಯ ಕೆಲವು ತುಕಡಿಗಳು, ಅವರಿಗೆ ದಾರಿ ತೋರಿಸಲು ಗುಪ್ತಚರ ವಿಭಾಗದ ಕೆಲವು ಅಧಿಕಾರಿಗಳು. 1939ರಲ್ಲಿ ನೀಮಚದಲ್ಲಿ ಸ್ಥಾಪಿತವಾಗಿ, ಸಂಸ್ಥಾನಗಳಲ್ಲಿ ಶಾಂತಿಪಾಲನೆಗೆಂದು ಬ್ರಿಟಿಷ್ ಪ್ರಭುತ್ವದ ಪ್ರತಿನಿಧಿಯ ಹೆಸರನ್ನು ಹೊತ್ತು, 1949ರಲ್ಲಿ ಈಗಿನ ಹೆಸರನ್ನು ಪಡೆದದ್ದು ಈ ಮೀಸಲು ಪಡೆ. ಗಲಭೆ ದೊಂಬಿಗಳನ್ನಡಗಿಸುವುದಕ್ಕೆ ಶಿಕ್ಷಿತರಾದ ಜನರನ್ನು, 15,000 ಅಡಿಗಳಿಗೂ ಮಿಗಿಲಾದ ಎತ್ತರದಲ್ಲಿ, ಮರವಿಲ್ಲದ, ಮರೆಯಿಲ್ಲದ, ಉಸಿರಿಗೂ ಕೊರತೆಯಿರುವ ಬಯಲಿನಲ್ಲಿ, ಸುಸಜ್ಜಿತ ಸೈನ್ಯವೊಂದರ ಎದುರಿಗೆ ನಿಲ್ಲಿಸಿದುದು ಯಾವ ವಿವೇಕವೆಂದು ಕೇಳಿದರೆ ತಪ್ಪಾಗದು. ನೆರೆರಾಷ್ಟ್ರದ ಸೌಹಾರ್ದವನ್ನು ಕೆಡಿಸಬಾರದೆಂಬ ಎಚ್ಚರಿಕೆಯೂ, ಗಡಿಯೆಂಬುದು ಇನ್ನೂ ಗಸ್ತಿನ ವಿಷಯವೇ ಹೊರತು ಯುದ್ಧದ ವಿಷಯವಲ್ಲವೆಂಬ ನಂಬಿಕೆಯೂ ಅದರ ಹಿಂದೆ ಇದ್ದುವು. ಆ ನಂಬಿಕೆಯ ಬೆಲೆಯನ್ನು ತೆತ್ತವರು ಪೇದೆಗಳು.

ಚಾಂಗ್‌ಚೆನ್ಮೊ ಕಣಿವೆಯಲ್ಲಿ, ಬಿಸಿನೀರಿನ ಬುಗ್ಗೆಗಳಿಂದ ಹಾಟ್ ಸ್ಪ್ರಿಂಗ್ಸ್ ಎಂಬ ಹೆಸರು ಬಂದಿರುವ ನೆಲೆಯಿಂದ, ಲನಕ್ ಲಾ ಕಣಿವೆದಾರಿಯ ಕಡೆಗೆ ಸಾಗಬೇಕಾಗಿದ್ದ ತಂಡಕ್ಕೆ ಮುನ್ನೋಟವಾಗಿ ಅಕ್ಟೋಬರ್ 20ರಂದು ಮೂರು ಚಿಕ್ಕ ತಂಡಗಳನ್ನು ಕಳುಹಿಸಿದರು. ಮಧ್ಯಾಹ್ನದ ಹೊತ್ತಿಗೆ ಎರಡು ತಂಡಗಳು ಹಿಂದಿರುಗಿದುವು. ಇಬ್ಬರು ಕಾನ್‌ಸ್ಟೇಬಲ್ಲರೂ ಒಬ್ಬ ಹೊರೆಯಾಳೂ ಇದ್ದ ಮೂರನೆಯ ತಂಡ ರಾತ್ರಿಯಾದರೂ ಬರಲಿಲ್ಲ. ಮರುದಿನ ಬೆಳಗ್ಗೆ ನೆಲೆಯಲ್ಲಿದ್ದವರೆಲ್ಲರೂ ಅವರನ್ನು ಹುಡುಕಲು ಹೊರಟರು. ಗುಪ್ತಚರ ವಿಭಾಗದ ಅಧಿಕಾರಿ ಕರಮ್ ಸಿಂಗ್ ಅವರು ಸುಮಾರು ಇಪ್ಪತ್ತು ಮಂದಿಯೊಡನೆ ಕುದುರೆಗಳ ಮೇಲೆ ಮುಂದಾದರು; ಉಳಿದವರು ಮೂರು ಭಾಗಗಳಾಗಿ ಕಾಲ್ನಡಿಗೆಯಲ್ಲಿ ಹಿಂಬಾಲಿಸಿದರು. ನಡುಹಗಲಿನ ವೇಳೆಗೆ ಗುಡ್ಡವೊಂದರ ಮೇಲಿಂದ ಚೀನೀ ಸೈನಿಕರು ಗುಂಡು ಹಾರಿಸಿ ಕೈಬಾಂಬುಗಳನ್ನೆಸೆದರು. ಕೆಳಗಿದ್ದವರಿಗೆ ಅಡಗಲು ಬಂಡೆಯ ಮರೆಯೂ ಇರಲಿಲ್ಲ. ಹತ್ತು ಮಂದಿ ಅಲ್ಲಿಯೇ ಮಡಿದರು. ಏಳು ಮಂದಿ ಗಾಯಗೊಂಡು ಸೆರೆಯಾದರು. ಉಳಿದವರು ಹೇಗೋ ಪಾರಾಗಿ ನೆಲೆಯನ್ನು ಸೇರಿದರು. ಸತ್ತವರ ದೇಹಗಳು ಕೂಡ ಕೂಡಲೇ ದೊರೆಯಲಿಲ್ಲ. ಮೂರು ವಾರಗಳು ಕಳೆದು ನವೆಂಬರ್ 13ರಂದು ಚೀನೀಯರು ಅವುಗಳನ್ನು ಒಪ್ಪಿಸಿದ ಮೇಲೆ, ಹಾಟ್ ಸ್ಪ್ರಿಂಗ್ಸಿನಲ್ಲಿಯೇ ಪೊಲೀಸ್ ಮರ್ಯಾದೆಯೊಡನೆ ಅಗ್ನಿಸಂಸ್ಕಾರವಾಯಿತು. ಆ ಘಟನೆಯ ತರುವಾಯ ಗಡಿಯ ಹೊಣೆ ಸೈನ್ಯದ ಕೈಗೆ ಹೋಯಿತು.

ಈ ವೃತ್ತಾಂತದಲ್ಲಿ ಸಂಸ್ಮರಣದ ದೃಷ್ಟಿಯಿಂದ ನಾವು ಗಮನಿಸಬೇಕಾದ ಅಂಶವೊಂದಿದೆ. ಆ ಹತ್ತು ಮಂದಿ ನೆಲವನ್ನು ಗೆಲ್ಲಲು ಹೋದವರಲ್ಲ, ಕೋಟೆಯನ್ನು ಕಾಯುತ್ತಿದ್ದವರೂ ಅಲ್ಲ. ಕಾಣೆಯಾದ ಮೂವರನ್ನು ಹುಡುಕುತ್ತ ಹೋದವರು. ಯುದ್ಧಭೂಮಿಯಂತೆ ತೋರುವ ಆ ಪ್ರದೇಶದಲ್ಲಿಯೂ ಅವರು ಅಂದು ಮಾಡಿದ ಕೆಲಸ ಠಾಣೆಯ ನಿತ್ಯದ ಕೆಲಸವೇ ಆಗಿದ್ದಿತು.

1960ರ ಜನವರಿಯಲ್ಲಿ ರಾಜ್ಯಗಳ ಮತ್ತು ಕೇಂದ್ರಾಡಳಿತ ಪ್ರದೇಶಗಳ ಪೊಲೀಸ್ ಮಹಾನಿರೀಕ್ಷಕರು ವಾರ್ಷಿಕ ಸಮ್ಮೇಳನದಲ್ಲಿ ಕೂಡಿದಾಗ, ಅಕ್ಟೋಬರ್ 21ನ್ನು ದೇಶದ ಎಲ್ಲ ಪೊಲೀಸ್ ಲೈನುಗಳಲ್ಲಿಯೂ ಸಂಸ್ಮರಣಾ ದಿನವಾಗಿ ಆಚರಿಸತಕ್ಕದ್ದೆಂದೂ, ಹಾಟ್ ಸ್ಪ್ರಿಂಗ್ಸಿನಲ್ಲಿ ಸ್ಮಾರಕವೊಂದನ್ನು ನಿಲ್ಲಿಸತಕ್ಕದ್ದೆಂದೂ, ವರ್ಷಕ್ಕೊಮ್ಮೆ ಬೇರೆ ಬೇರೆ ರಾಜ್ಯಗಳ ಪೊಲೀಸಿನವರ ತಂಡವೊಂದು ಅಲ್ಲಿಗೆ ಯಾತ್ರೆ ಹೋಗಿ ಗೌರವ ಸಲ್ಲಿಸತಕ್ಕದ್ದೆಂದೂ ನಿರ್ಣಯವಾಯಿತು. ಘಟನೆ ನಡೆದು ಸುಮಾರು ಮೂರು ತಿಂಗಳಲ್ಲಿ ಮಾಡಿದ ನಿರ್ಣಯವಿದು. ಸರ್ಕಾರಿ ವ್ಯವಹಾರದಲ್ಲಿ ಇಂಥ ತ್ವರೆ ಅಪರೂಪ. ಯಾತ್ರೆಯ ಕಲ್ಪನೆಯಂತೂ ನನಗೆ ವಿಶೇಷವಾಗಿ ಮೆಚ್ಚಿಗೆಯಾದುದು. ಸಮುದ್ರತೀರದ ರಾಜ್ಯದಿಂದ ಬಂದವನೊಬ್ಬ ಆ ತೆಳುವಾದ ಗಾಳಿಯಲ್ಲಿ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಅಲ್ಲಿಗೆ ತಲಪಿದಾಗ, ಹತ್ತು ಮಂದಿ ಯಾವ ನೆಲದಲ್ಲಿ ನಿಂತಿದ್ದರೆಂಬುದನ್ನು ಯಾರ ಭಾಷಣವೂ ಇಲ್ಲದೆ ತಿಳಿದುಕೊಳ್ಳುತ್ತಾನೆ.

ಆದರೆ ಈ ದಿನಾಂಕಕ್ಕೂ ಆ ದಿನ ಓದುವ ಪಟ್ಟಿಗೂ ನಡುವೆ ಒಂದು ವಿಚಿತ್ರವಾದ ಅಂತರವಿದೆ. ದಿನಾಂಕವು ಪರರಾಷ್ಟ್ರದ ಸೈನ್ಯದ ಗುಂಡಿಗೆ ಬಲಿಯಾದವರದು. ಪಟ್ಟಿಯಲ್ಲಿರುವವರಾದರೋ ಬಹುಮಟ್ಟಿಗೆ ಸ್ವದೇಶೀಯರ ಕೈಯಿಂದಲೇ ಸತ್ತವರು. ಸೈನಿಕನಿಗೆ ಶತ್ರುವೆಂಬವನೊಬ್ಬನಿದ್ದಾನೆ, ಅವನ ಸಮವಸ್ತ್ರ ಬೇರೆ, ಅವನ ಧ್ವಜ ಬೇರೆ. ಪೊಲೀಸಿನವನಿಗೆ ನಿನ್ನೆಯ ದಿನ ದೂರು ಕೊಡಲು ಬಂದವನೇ ಇಂದಿನ ದಿನ ಕತ್ತಿಯನ್ನು ಮಸೆದು ನಿಂತಿರಬಹುದು. ವಾರಂಟು ಜಾರಿ ಮಾಡಲು ಹೋದವನು, ಇರುಳಿನ ಗಸ್ತಿನಲ್ಲಿ ಬೀಗ ಒಡೆಯುವ ಸದ್ದನ್ನು ಕೇಳಿ ನಿಂತವನು, ಹೆದ್ದಾರಿಯಲ್ಲಿ ಕೈಯೆತ್ತಿ ಲಾರಿಯನ್ನು ತಡೆಯಲು ಹೋದವನು, ಪ್ರವಾಹದಲ್ಲಿ ಹಗ್ಗ ಹಿಡಿದಿಳಿದವನು, ಇವರ ಮರಣಕ್ಕೆ ಯುದ್ಧದ ಘನತೆಯನ್ನು ಲೋಕವು ತಾನಾಗಿ ಕೊಡುವುದಿಲ್ಲ. 2008ರ ನವೆಂಬರಿನ ಭಯೋತ್ಪಾದಕ ದಾಳಿಯ ವೇಳೆ ಮುಂಬಯಿಯ ಗಿರಗಾಂವ್ ಚೌಪಾಟಿಯಲ್ಲಿ ಬರಿಯ ಲಾಠಿಯನ್ನು ಹಿಡಿದಿದ್ದ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಮ ಓಂಬಳೆ ಅವರು ಹಂತಕನ ಬಂದೂಕಿನ ನಳಿಗೆಯನ್ನು ತಬ್ಬಿ ಹಿಡಿದು, ಗುಂಡುಗಳೆಲ್ಲ ತಮ್ಮ ದೇಹವನ್ನೇ ಹೊಗುವಂತೆ ಮಾಡಿದುದರಿಂದ ಆತ ಜೀವಂತವಾಗಿ ಸಿಕ್ಕಿದನು. ಅವರಿಗೆ ಅಶೋಕ ಚಕ್ರ ಸಂದಿತು. ಆದರೆ ಪಟ್ಟಿಯಲ್ಲಿರುವ ಬಹುಮಂದಿಗೆ ಅಂಥ ಒಂದು ಕ್ಷಣದ ಪ್ರಸಿದ್ಧಿಯೂ ದೊರೆತಿಲ್ಲ. ಆ ಕೊರತೆಯನ್ನು ಅಷ್ಟಿಷ್ಟಾದರೂ ತುಂಬುವುದು ನಾಮಪಠನ. ಅದು ಓಂಬಳೆಯವರ ಹೆಸರಿಗೂ, ಯಾವುದೋ ತಾಲ್ಲೂಕಿನ ಪೇದೆಯ ಹೆಸರಿಗೂ ಒಂದೇ ಪ್ರಮಾಣದ ಉಸಿರನ್ನು ಕೊಡುತ್ತದೆ.

ನಮ್ಮ ರಾಜ್ಯದ ಪಟ್ಟಿಯಲ್ಲಿ ಮಲೆಮಹದೇಶ್ವರ ಬೆಟ್ಟದ ಸೀಮೆಗೆ ಒಂದು ದುಃಖಮಯ ಅಧ್ಯಾಯವಿದೆ. 1992ರ ಆಗಸ್ಟ್ 14ರಂದು, ಸ್ವಾತಂತ್ರ್ಯೋತ್ಸವದ ಮುನ್ನಾ ದಿನ, ಕಾಡುಗಳ್ಳ ವೀರಪ್ಪನ್ನನ ಸುಳಿವು ಸಿಕ್ಕಿತೆಂದು ಮೈಸೂರು ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟರಾಗಿದ್ದ ಹರಿಕೃಷ್ಣ ಅವರೂ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರೂ ಮೀಣ್ಯದ ಕಾಡುದಾರಿಯಲ್ಲಿ ಸಾಗಿದರು. ಸುಳಿವೇ ಬಲೆಯಾಗಿದ್ದಿತು. ಹೊಂಚುಹಾಕಿ ಕುಳಿತವರ ಗುಂಡಿಗೆ ಆ ಇಬ್ಬರು ಅಧಿಕಾರಿಗಳೂ ಅವರೊಡನಿದ್ದ ನಾಲ್ವರು ಸಿಬ್ಬಂದಿಯೂ ಬಲಿಯಾದರು. ಹರಿಕೃಷ್ಣ, ಶಕೀಲ್ ಎಂಬ ಹೆಸರುಗಳು ಹಳೆಯ ಮೈಸೂರಿನ ಜನರ ಬಾಯಲ್ಲಿ ಇಂದಿಗೂ ಜೋಡಿಯಾಗಿ ಬರುತ್ತವೆ. ಉಳಿದ ನಾಲ್ವರ ಹೆಸರು ಅವರವರ ಊರಿನ ಹೊರಗೆ ಎಷ್ಟು ಮಂದಿಗೆ ಗೊತ್ತು? ಆ ವರ್ಷ ಮೈದಾನದಲ್ಲಿ ಓದಿದ ಪಟ್ಟಿಯಾದರೋ ಆರಕ್ಕೆ ಆರು ಹೆಸರುಗಳನ್ನೂ ಓದಬೇಕಾದ ಪಟ್ಟಿ. ಜನಸ್ಮರಣೆಯು ಕಥೆಗೆ ಒಗ್ಗುವವರನ್ನು ಆಯ್ದುಕೊಳ್ಳುತ್ತದೆ. ಸಂಸ್ಥೆಗೆ ಹಾಗೆ ಆಯ್ದುಕೊಳ್ಳುವ ಸ್ವಾತಂತ್ರ್ಯವಿಲ್ಲ, ಅದೇ ಸಂಸ್ಥೆಯ ಹಿರಿಮೆ. 2014ರ ಜನವರಿಯಲ್ಲಿ ಅಂದಿನ ಗುಲ್ಬರ್ಗಾ ನಗರದಲ್ಲಿ ರೌಡಿಯೊಬ್ಬನನ್ನು ಹಿಡಿಯಲು ಹೋಗಿ ಗುಂಡೇಟು ತಿಂದು, ಕೆಲವು ದಿನ ಸಾವಿನೊಡನೆ ಹೋರಾಡಿ ತೀರಿಕೊಂಡ ಸಬ್ ಇನ್‌ಸ್ಪೆಕ್ಟರ್ ಮಲ್ಲಿಕಾರ್ಜುನ ಬಂಡೆಯವರ ಹೆಸರೂ, 2019ರ ಫೆಬ್ರವರಿಯಲ್ಲಿ ಪುಲ್ವಾಮದಲ್ಲಿ ಮಡಿದ ನಲವತ್ತು ಮಂದಿ ಕೇಂದ್ರ ಮೀಸಲು ಪಡೆಯವರಲ್ಲಿ ಒಬ್ಬರಾಗಿದ್ದ ಮದ್ದೂರು ತಾಲ್ಲೂಕು ಗುಡಿಗೆರೆಯ ಗುರು ಅವರ ಹೆಸರೂ ಈ ಸಾಲಿನಲ್ಲಿಯೇ ಬರತಕ್ಕವು.

ಪಟ್ಟಿಗೆ ಆರಂಭವೊಂದುಂಟು, ಅದು ಸ್ವಾತಂತ್ರ್ಯದಿಂದೀಚೆಗಿನದು. ಅದಕ್ಕೂ ಹಿಂದೆ ಪೊಲೀಸಿನವರು ಕರ್ತವ್ಯದಲ್ಲಿ ಸಾಯುತ್ತಿರಲಿಲ್ಲವೆ? ಸಾಯುತ್ತಿದ್ದರು, ಆದರೆ ಆ ಸಾವುಗಳನ್ನು ನೆನೆಯುವ ಬಗೆ ಇಂದಿಗೂ ಇತ್ಯರ್ಥವಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರಿನ ಪ್ರಕರಣವನ್ನು ನೆನೆದುಕೊಳ್ಳಿ. 1942ರ ಸೆಪ್ಟೆಂಬರ್ 28ರಂದು, ಸ್ವತಂತ್ರವೆಂದು ತನ್ನನ್ನು ಘೋಷಿಸಿಕೊಂಡಿದ್ದ ಆ ಊರಿಗೆ ಹೋದ ಅಮಲ್ದಾರ ಚೆನ್ನಕೃಷ್ಣಪ್ಪನವರೂ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರೂ ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಹತರಾದರು. ಮುಂದಿನ ಮಾರ್ಚಿಯಲ್ಲಿ ಆ ಊರಿನ ಐದು ಮಂದಿಯನ್ನು ಗಲ್ಲಿಗೇರಿಸಿದರು. ಹುತಾತ್ಮರೆಂಬ ಬಿರುದು ನ್ಯಾಯವಾಗಿಯೇ ಆ ಐವರದಾಯಿತು. ನಾಡು ಅವರಿಗೆ ಸ್ಮಾರಕ ಕಟ್ಟಿತು. ಕೆಂಚೇಗೌಡರೂ ಈ ನಾಡಿನವರೇ, ಸಂಬಳಕ್ಕೆ ದುಡಿಯುತ್ತಿದ್ದವರು, ಮೇಲಿನವರ ಆಜ್ಞೆಯಂತೆ ಆ ಊರಿಗೆ ಹೋದವರು. ಪ್ರಭುತ್ವದ ಧರ್ಮ ಯಾವುದು, ಸೇವಕನ ಧರ್ಮ ಯಾವುದು ಎಂಬ ಪ್ರಶ್ನೆ ಅಲ್ಲಿ ಎದ್ದು ನಿಲ್ಲುತ್ತದೆ. ಇಲ್ಲಿ ಅದನ್ನು ಬಿಡಿಸಲು ನಾನು ಹೊರಟಿಲ್ಲ. ಪೊಲೀಸಿನವನ ಮರಣಕ್ಕೆ ಜನತೆಯ ಕಣ್ಣೀರು ಸಲ್ಲಬೇಕಾದರೆ ಅವನು ಜನತೆಯ ಸರ್ಕಾರದ ಸೇವಕನಾಗಿರಬೇಕಾಯಿತು ಎಂಬಷ್ಟನ್ನು ಮಾತ್ರ ಹೇಳಬಹುದು. ಈ ದಿನಾಚರಣೆ ಗಣರಾಜ್ಯದಲ್ಲಿಯೇ ಹುಟ್ಟಬೇಕಾಗಿದ್ದುದು ಈ ಕಾರಣದಿಂದ.

ಕಲ್ಲಿನ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ನಗರ ಸಶಸ್ತ್ರ ಮೀಸಲು ಪಡೆಯ ಮೈದಾನದಲ್ಲಿ ರಾಜ್ಯದ ಹುತಾತ್ಮರ ಸ್ಮಾರಕವಿದೆ. ದೆಹಲಿಯಲ್ಲಿ ರಾಷ್ಟ್ರೀಯ ಸ್ಮಾರಕವೊಂದು ನಿಲ್ಲಲು ಮಾತ್ರ ಬಹುಕಾಲ ಹಿಡಿಯಿತು. ಚಾಣಕ್ಯಪುರಿಯಲ್ಲಿ ಮೊದಲು ಎತ್ತಿದ ಉಕ್ಕಿನ ರಚನೆ ಪರಿಸರದ ಮತ್ತು ನಗರಶಿಲ್ಪದ ನಿಯಮಗಳಿಗೆ ಹೊಂದದೆ, ನ್ಯಾಯಾಲಯದವರೆಗೂ ಹೋಗಿ, 2008ರಲ್ಲಿ ಕೆಡವಲ್ಪಟ್ಟಿತು. ಅದಾದ ಹತ್ತು ವರ್ಷಗಳಿಗೆ, 2018ರ ಅಕ್ಟೋಬರ್ 21ರಂದು, ಈಗಿನ ಸ್ಮಾರಕವನ್ನು ಪ್ರಧಾನಮಂತ್ರಿಗಳು ರಾಷ್ಟ್ರಕ್ಕೆ ಅರ್ಪಿಸಿದರು: ಶಿಲ್ಪಿ ಅದ್ವೈತ ಗಡನಾಯಕರು ರೂಪಿಸಿದ, 30 ಅಡಿ ಎತ್ತರದ, 238 ಟನ್ ತೂಕದ ಏಕಶಿಲಾಸ್ತಂಭ, ಅದರ ಬಳಿ 34,844 ಹೆಸರುಗಳನ್ನು ಕೊರೆದ ಶೌರ್ಯಭಿತ್ತಿ, ನೆಲದ ಕೆಳಗೆ ಒಂದು ವಸ್ತುಸಂಗ್ರಹಾಲಯ. ಸ್ತಂಭವು ಗಂಭೀರವಾಗಿದೆ. ಆದರೂ ಅಲ್ಲಿಗೆ ಬರುವ ಮನೆಯವರು ಸ್ತಂಭದ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಭಿತ್ತಿಯ ಮೇಲೆ ಒಂದು ಹೆಸರನ್ನು ಹುಡುಕಲು ಹೋಗುತ್ತಾರೆ. ಮೂವತ್ತನಾಲ್ಕು ಸಾವಿರಕ್ಕೂ ಮೀರಿದ ಹೆಸರುಗಳ ನಡುವೆ ಅವರಿಗೆ ಬೇಕಾಗಿರುವುದು ಒಂದೇ.

ಕನ್ನಡ ನಾಡಿಗೆ ಸತ್ತವನ ಹೆಸರನ್ನು ಕಲ್ಲಿನಲ್ಲಿ ಕೊರೆಯುವುದು ಹೊಸ ವಿದ್ಯೆಯಲ್ಲ. ತುರುಗಳನ್ನು ಹೊಡೆದೊಯ್ಯುವವರನ್ನು ಅಡ್ಡಗಟ್ಟಿ ಮಡಿದವನಿಗೆ, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನವನ್ನುಳಿಸಲು ಕಾದಿ ಬಿದ್ದವನಿಗೆ, ಊರಳಿವಿನಲ್ಲಿ ಹೋರಾಡಿದವನಿಗೆ ನಮ್ಮವರು ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಇವರಲ್ಲಿ ಎಲ್ಲರೂ ಅರಸನ ಸೈನಿಕರಾಗಿರಲಿಲ್ಲ. ಎಷ್ಟೋ ಮಂದಿ ಊರಿನ ಕಾವಲನ್ನು ಹೊತ್ತ ಸಾಮಾನ್ಯರು. ಗಂಗರ ಶ್ರೀಪುರುಷನ ಕಾಲದಲ್ಲಿ ಕಿತ್ತಯನೆಂಬವನು ಹೋರಾಡಿ ಮಡಿದುದನ್ನು ಹೇಳುವ, ಸುಮಾರು 750ರ ಕಾಲದ ಕಲ್ಲೊಂದು ಬೆಂಗಳೂರಿನ ಹೆಬ್ಬಾಳದಲ್ಲಿ ದೊರೆತಿದೆ. ಕಿತ್ತಯನು ಮಾಂಡಲಿಕನೂ ಅಲ್ಲ, ಮಹಾಸಾಮಂತನೂ ಅಲ್ಲ. ವೀರಗಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ಅಪ್ಸರೆಯರು, ಮೇಲಣದರಲ್ಲಿ ಕೈಲಾಸ. ಮೇಲಿನೆರಡನ್ನು ಶಿಲ್ಪಿ ಎಲ್ಲರಿಗೂ ಒಂದೇ ತೆರನಾಗಿ ಕೊಟ್ಟನು, ಕೆಳಗಿನದರಲ್ಲಿ ಮಾತ್ರ ಇವನು ಎಲ್ಲಿ, ಯಾರಿಗಾಗಿ, ಹೇಗೆ ಸತ್ತನೆಂಬುದನ್ನು ತೋರಿಸಿದನು. ಸತ್ತವನ ಮನೆಯವರ ಜೀವನಕ್ಕೆಂದು ನೆತ್ತರುಗೊಡಗೆಯಾಗಿ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಉಂಟಾಗಿದ್ದಿತು. ಈಗಿನ ಅನುಕಂಪದ ನೇಮಕಾತಿ, ಪರಿಹಾರಧನ, ಏಪ್ರಿಲ್ 2ರ ಪೊಲೀಸ್ ಧ್ವಜ ದಿನಾಚರಣೆಯಲ್ಲಿ ಪುಟ್ಟ ಧ್ವಜಗಳನ್ನು ಮಾರಿ ಕೂಡಿಸುವ ಕಲ್ಯಾಣನಿಧಿ, ಇವೆಲ್ಲ ಆ ಕೊಡುಗೆಯ ವಂಶದವೇ. ಒಂದು ವ್ಯತ್ಯಾಸವನ್ನು ಹೇಳಬೇಕು: ನೆತ್ತರುಗೊಡಗೆಯನ್ನು ಊರವರೆದುರಿಗೆ ಕಲ್ಲಿನಲ್ಲಿ ಕೊರೆದುಕೊಡುತ್ತಿದ್ದರು; ಈಗ ವಿಧವೆಯೊಬ್ಬಳು ಅರ್ಜಿಯ ನಕಲನ್ನು ಹಿಡಿದು ಮೇಜಿನಿಂದ ಮೇಜಿಗೆ ತಿರುಗಬೇಕಾದ ಸಂದರ್ಭಗಳಿಲ್ಲವೆಂದು ಯಾರೂ ಧೈರ್ಯವಾಗಿ ಹೇಳಲಾರರು.

ಪಟ್ಟಿಗೆ ಎಲ್ಲೆಯೂ ಒಂದುಂಟು. ಹಾಟ್ ಸ್ಪ್ರಿಂಗ್ಸಿನಿಂದ ಹೊರಟು ಕಾಣೆಯಾದ ಮೂವರಲ್ಲಿ ಹೊರೆಯಾಳೊಬ್ಬನಿದ್ದನೆಂದು ಮೇಲೆ ಹೇಳಿದೆನಷ್ಟೆ. ಅಂಥವನೊಬ್ಬನು ಸತ್ತಿದ್ದರೆ ಅವನ ಹೆಸರನ್ನು ಯಾರು ಓದುತ್ತಿದ್ದರು? 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ವೀರಪ್ಪನ್ ನೆಲಬಾಂಬುಗಳನ್ನು ಸಿಡಿಸಿದಾಗ, ತಮಿಳುನಾಡು ಪೊಲೀಸ್ ತಂಡದೊಡನೆ ಹೊರಟಿದ್ದ 22 ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಂದಿ ಸಮವಸ್ತ್ರ ತೊಟ್ಟವರಲ್ಲ, ದಾರಿ ತೋರಿಸಲು ಬಂದ ಮಾಹಿತಿದಾರರು. ಕಾಡಿನ ಮೂಲೆಯ ಬಡವರು, ಪೊಲೀಸಿನವರ ಮಾತನ್ನು ನಂಬಿ ವಾಹನವನ್ನು ಹತ್ತಿದವರು. ಸಂಸ್ಥೆಯ ಪಟ್ಟಿಯಲ್ಲಿ ಸಂಸ್ಥೆಯವರ ಹೆಸರೇ ಇರಬೇಕೆಂಬುದು ನಿಯಮದ ಮಾತು, ಅದನ್ನು ಒಪ್ಪಬಹುದು. ಆದರೆ ಜಿಲ್ಲೆಯ ಮಟ್ಟದ ಸಂಸ್ಮರಣೆಯಲ್ಲಿ, ಪೊಲೀಸ್ ಕೆಲಸಕ್ಕಾಗಿ ಪೊಲೀಸರ ಜೊತೆಯಲ್ಲಿ ಸತ್ತ ಹೊರಗಿನವರನ್ನು ಒಂದು ವಾಕ್ಯದಲ್ಲಿ ನೆನೆಯುವುದಕ್ಕೆ ಯಾವ ನಿಯಮವೂ ಅಡ್ಡಿಯಾಗಲಾರದು.

ವೀರಗಲ್ಲಿನ ಕೆಳಗಣ ಪಟ್ಟಿಕೆಯೇ ನಮ್ಮ ಪಟ್ಟಿಯಲ್ಲಿಲ್ಲದ ಭಾಗ. ಹೆಸರು, ಹುದ್ದೆ, ಘಟಕ, ಇಷ್ಟನ್ನು ಓದಿ ಮುಂದಿನ ಹೆಸರಿಗೆ ಹೋಗುತ್ತೇವೆ. ಕಾಳಗವನ್ನು ಯಾರೂ ಹೇಳುವುದಿಲ್ಲ. ಇದು ಕಷ್ಟಸಾಧ್ಯವಾದ ಕೆಲಸವೂ ಅಲ್ಲ. ಪ್ರತಿಯೊಂದು ಮರಣಕ್ಕೂ ಪ್ರಥಮ ವರ್ತಮಾನ ವರದಿಯಿದೆ, ಪಂಚನಾಮೆಯಿದೆ, ಠಾಣಾ ದಿನಚರಿಯಲ್ಲಿ ಅಂದಿನ ಬೆಳಗ್ಗೆ ಯಾರು ಯಾವ ಬೀಟಿಗೆ ಹೊರಟರೆಂಬ ನಮೂದಿದೆ. ಜಿಲ್ಲೆಗೊಬ್ಬ ಅಕ್ಷರಾಸಕ್ತ ಅಧಿಕಾರಿಯನ್ನು ಗೊತ್ತುಮಾಡಿ, ಹೆಸರೊಂದಕ್ಕೆ ಒಂದು ಪುಟದಂತೆ ತಿಳಿಗನ್ನಡದಲ್ಲಿ ಬರೆಸಿ, ಮಡಿದವನು ಕೆಲಸ ಮಾಡಿದ ಠಾಣೆಯಲ್ಲಿಯೂ ಅವನು ಓದಿದ ಶಾಲೆಯಲ್ಲಿಯೂ ಒಂದೊಂದು ಪ್ರತಿಯನ್ನಿರಿಸುವ ಏರ್ಪಾಡನ್ನು ಇಲಾಖೆಯು ಈಗಲೇ ಆರಂಭಿಸಬಹುದು. ತಡಮಾಡಲಾಗದು, ಅವಧಿ ಮುಗಿದ ಕಡತಗಳನ್ನು ನಾಶಪಡಿಸುವ ಕ್ರಮ ಎಲ್ಲ ಕಚೇರಿಗಳಲ್ಲಿರುವಂತೆ ಪೊಲೀಸ್ ಕಚೇರಿಗಳಲ್ಲಿಯೂ ಇದೆ, ಕಡತದಲ್ಲಿಲ್ಲದುದನ್ನು ಹೇಳಬಲ್ಲ ಸಹೋದ್ಯೋಗಿಗಳಿಗೆ ವಯಸ್ಸಾಗುತ್ತಿದೆ. 1992ರಲ್ಲಿ ಇಪ್ಪತ್ತೈದು ವರ್ಷದವನಾಗಿ ಮೀಣ್ಯದ ಕಡೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟೇಬಲ್ಲನಿಗೆ 2027ರಲ್ಲಿ ಅರವತ್ತು ತುಂಬುತ್ತದೆ. ಅವನಿಗಿಂತ ಹಿರಿಯರಾಗಿದ್ದವರು ಆಗಲೇ ನಿವೃತ್ತರಾಗಿ ಊರು ಸೇರಿದ್ದಾರೆ. ಅವರ ವಿಳಾಸಗಳು ನಿವೃತ್ತಿವೇತನದ ಶಾಖೆಯಲ್ಲಿ ಇನ್ನೂ ಇವೆ. ಮೊದಲ ಪತ್ರಗಳನ್ನು ಅವರಿಗೆ ಬರೆಯತಕ್ಕದ್ದು.